ಫ್ರಿಜ್ಜಿನ ಬೀಗ

ದೊಡ್ಡಕ್ಕ ಫ್ರಿಜ್ಜಿನ ಬಾಗಿಲನ್ನು ಒಮ್ಮೆ ಎಳೆದಳು, ಬರಲಿಲ್ಲ. ಎರಡನೇ ಸಲ ಕಾಲೂರಿ ಎಳೆದಳು. ಫ್ರಿಜ್ಜೇ ಗೋಡೆ ಬಿಟ್ಟು ಗೇಣುದ್ದ ಮುಂದೆ ಬಂತೇ ಹೊರತು ಬಾಗಿಲು ಮಿಸುಕಲಿಲ್ಲ. ಆಗ ಅವಳ ಕಣ್ಣಿಗೆ ಹಿಡಿಯ ಪಕ್ಕದಲ್ಲಿ ಬೋಲ್ಟು ಹಾಕಿ ಕೂರಿಸಿದ್ದ ಕೊಂಡಿಯೂ ಅದರಲ್ಲಿ ನೇತಾಡುತ್ತಿದ್ದ ಪುಟ್ಟ ಹಿತ್ತಾಳೆ ಬೀಗವೂ ಬಿದ್ದವು.

"ಅಯ್ಯೋ, ಬನ್ರೇ ಇಲ್ಲಿ! ಫ್ರಿಜ್ಜಿಗೆ ಬೀಗ ಹಾಕಿದ್ದಾಳಲ್ರೇ ಇವಳು!"

ಬಿಸಿಲಿನಲ್ಲಿ ಬಂದ ಚಿಕ್ಕಪ್ಪನಿಗೆ ತಲೆ ಸುತ್ತಿದಂತಾಗಿ, ಅವನಿಗೊಂದು ಲೋಟ ತಣ್ಣೀರು ಕೊಡೋಣವೆಂದು ಅಡುಗೆಮನೆಗೆ ಬಂದವಳು ದೊಡ್ಡಕ್ಕ. ಹೊರಗಿನ ಕೋಣೆಯಲ್ಲಿ ಅವಳ ತಮ್ಮ ಬಿಳಿ ಹೊದಿಕೆ ಹೊದ್ದು ಮಲಗಿದ್ದ. ಬೆಳಗ್ಗೆ ಹಾಸಿಗೆಯಲ್ಲಿ ಎದ್ದು ಕೂತವನು ಹಾಗೇ ಹಿಂದಕ್ಕೆ ವಾಲಿದ್ದ. ಹೆಂಡತಿ ಓಡಿಬಂದು ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಊರಿನವರ ಬೀಗ ರಿಪೇರಿ ಮಾಡಿಕೊಂಡೇ ಬದುಕಿದವನು ಅವನು. ಬೀದಿಯಲ್ಲಿ ಅವನಿಗೆ ಬೀಗದವನು ಎಂದೇ ಹೆಸರು. ಅಂಥವನ ಮನೆಯಲ್ಲಿ ಬೇರೆಲ್ಲಿ ಬೀಗ ಕಂಡಿದ್ದರೂ ಯಾರೂ ಬೆರಗಾಗುತ್ತಿರಲಿಲ್ಲ.

ಅಡುಗೆಮನೆಯ ಬಾಗಿಲಲ್ಲಿ ನಾಲ್ಕೈದು ತಲೆ ಕೂಡಿದವು. ಸಾವಿನ ಮನೆಗೆ ಬಂದವರಿಗೆ ಹೆಣ ನೋಡಿದ ಮೇಲೆ ಮಾತಾಡಲು ಒಂದು ವಿಷಯವೂ ಬೇಕಾಗುತ್ತದೆ. ಇವರಿಗೆ ಅದು ಹುಡುಕದೇ ಸಿಕ್ಕಿತ್ತು.

ಗುಂಪನ್ನು ಸರಿಸಿಕೊಂಡು ಸೊಸೆ ಒಳಗೆ ಬಂದಳು. ಸತ್ತವನ ಹೆಂಡತಿ ಅವಳು. ಲಾಂಡ್ರಿಯಲ್ಲಿ ವರ್ಷಗಟ್ಟಲೆ ಇಸ್ತ್ರಿ ಒತ್ತಿ ಒತ್ತಿ ಅವಳ ಬಲಗೈ ಎಡಗೈಗಿಂತ ದಪ್ಪವಾಗಿತ್ತು. ಯಾರ ಮುಖವನ್ನೂ ನೋಡದೆ ಕುತ್ತಿಗೆಯ ದಾರ ಎಳೆದು ಕೀಲಿಕೈ ಹೊರತೆಗೆದಳು.

"ಕೊರಳಿಗೇ ಕಟ್ಕೊಂಡಿದ್ದಾಳೆ ನೋಡಿ, ಚಿನ್ನದ ಸರದ ಹಾಗೆ," ಎಂದಳು ದೊಡ್ಡಕ್ಕ. "ನನ್ನ ತಮ್ಮ ನೀರು ನೀರು ಅಂತ ಬಾಯಿ ಬಾಯಿ ಬಿಟ್ಕೊಂಡು ಸತ್ತ. ಇವಳು ನೀರಿಗೆ ಬೀಗ ಜಡಿದು ಕೂತಿದ್ಲು."

"ಬೀಗ ಹಾಕಿದ್ದು ಅವರೇ ದೊಡ್ಡಕ್ಕ. ಕೀಲಿ ನನ್ನ ಕೈಗೆ ಕೊಟ್ಟೋರೂ ಅವರೇ."

"ಹೂಂ, ಇನ್ನೇನು, ಅವನು ಎದ್ದು ಬಂದು ಸಾಕ್ಷಿ ಹೇಳ್ತಾನಾ? ಬಾಯಿಗೆ ಬಂದಿದ್ದು ಹೇಳು."

ಸೊಸೆ ಬಾಗಿಲು ತೆಗೆದು ನೀರಿನ ಬಾಟಲಿಯನ್ನು ಅವಳ ಕೈಗೆ ಕೊಟ್ಟಳು. ಚಿಕ್ಕಪ್ಪನ ಹಣೆಗೆ ಒತ್ತಲು ಒಂದೆರಡು ತುಂಡು ಐಸೂ ಇರಲಿ ಎಂದು ಮೇಲಿನ ಫ್ರೀಜರ್ ತೆರೆದಳು. ತೆರೆದವಳು ಅಲ್ಲೇ ನಿಂತುಬಿಟ್ಟಳು.

ಅವಳ ತಟ್ಟೆ ಹಿಂದಕ್ಕೆ ಸರಿದಿತ್ತು. ಟಾನಿಕ್ ಬಾಟಲಿಯ ಮುಚ್ಚಳಗಳಲ್ಲಿ ಹಣ್ಣು ತುಂಬಿ ಗಟ್ಟಿಮಾಡಿ ಅವಳು ಸಾಲಾಗಿ ಜೋಡಿಸಿಡುತ್ತಿದ್ದ ತಟ್ಟೆ ಅದು. ಅದರ ಮುಂದೆ ಎರಡು ಸ್ಟೀಲ್ ಲೋಟಗಳು ಕೂತಿದ್ದವು. ಒಂದು ಕಂಠಮಟ್ಟ ತುಂಬಿ ಹೆಪ್ಪುಗಟ್ಟಿತ್ತು. ಇನ್ನೊಂದನ್ನು ಯಾರೋ ಕೆರೆದು ಕೆರೆದು ಅರ್ಧ ತಿಂದಿದ್ದರು. ಚಮಚ ಒಳಗೇ ಕಚ್ಚಿಕೊಂಡು ನಿಂತಿತ್ತು. ಸೊಸೆ ಬೆರಳಿನಿಂದ ಉಜ್ಜಿ ನಾಲಿಗೆಗೆ ತಾಗಿಸಿಕೊಂಡಳು. ಮೊದಲು ಕಿತ್ತಳೆ. ಅದರ ಹಿಂದೆಯೇ ಬಾಳೆಹಣ್ಣು.

ನಿನ್ನೆ ಸಂಜೆ ಅವಳು ಕೆಲಸದಿಂದ ಬಂದಾಗ ಗಂಡ ಎಂದೂ ಇಲ್ಲದ ಗೆಲುವಿನಲ್ಲಿದ್ದ. "ಇವತ್ತು ನಿನ್ನ ಐಸು ಬೇಡ ಕಣೇ, ಬಾಯಾರಿಕೇನೇ ಇಲ್ಲ," ಎಂದಿದ್ದ. ಸದ್ಯ, ಒಂದು ದಿನವಾದರೂ ದೇವರು ಕಣ್ಣು ಬಿಟ್ಟನಲ್ಲ ಎಂದುಕೊಂಡು ಅವಳು ಫ್ರಿಜ್ಜಿನ ತಂಟೆಗೇ ಹೋಗಿರಲಿಲ್ಲ.

ಅವಳು ಫ್ರಿಜ್ಜನ್ನೇ ಆತು ನಿಂತಳು. ಆಮೇಲೆ ಫ್ರೀಜರ್ ಮುಚ್ಚಿ, ಬಾಗಿಲು ಮುಚ್ಚಿ, ಕೈಗೆ ಅಭ್ಯಾಸವಾದ ಪ್ರಕಾರ ಬೀಗವನ್ನೂ ಒತ್ತಿಬಿಟ್ಟಳು.

"ನೋಡಿದ್ರಾ? ಮತ್ತೆ ಬೀಗ!" ದೊಡ್ಡಕ್ಕನ ದನಿ ಹೊರಗಿನ ಕೋಣೆಯವರೆಗೂ ಹೋಯಿತು. "ಇನ್ಯಾರು ಕುಡಿದುಬಿಡ್ತಾರೆ ಅಂತ ಹಾಕ್ತೀಯೇ? ಕುಡಿಯೋನು ಹೋದ್ನಲ್ಲ!"

*

ಬೀಗದವನ ಎರಡು ಕಿಡ್ನಿಗಳೂ ಕೈಕೊಟ್ಟು, ವಾರಕ್ಕೆ ಮೂರು ಸಲ ಆಸ್ಪತ್ರೆಯ ಮಿಷನ್ನಿನ ಪಕ್ಕ ಮಲಗಿ ರಕ್ತ ತೊಳೆಸಿಕೊಳ್ಳುವುದು ಶುರುವಾದ ಮೇಲೆ, ಆ ಮನೆಯಲ್ಲಿ ನೀರು ಅಳೆದು ಕೊಡುವ ವಸ್ತುವಾಯಿತು. ಕುಡಿದದ್ದು ಹೊರಗೆ ಹೋಗುವ ದಾರಿಯಿಲ್ಲ. ಹೆಚ್ಚಾದರೆ ಎದೆಗೇ ನುಗ್ಗುತ್ತದೆ. ಒಂದು ಚೊಂಬಿನ ಒಳಗೆ ಅವನೇ ಮೊಳೆಯಿಂದ ಗೀರು ಹಾಕಿದ. ದಿನಕ್ಕೆಲ್ಲ ಅಷ್ಟೇ ನೀರು, ಮಾತ್ರೆ ನುಂಗುವುದೂ ಅದರಲ್ಲೇ.

ಆ ಬಾಯಾರಿಕೆ ಎಂಥದು ಎನ್ನುವುದು ನೋಡಿದವರಿಗೂ ಪೂರ್ತಿ ತಿಳಿಯುವುದಿಲ್ಲ. ನಲ್ಲಿಯ ನೀರು ಉಪ್ಪು, ಬಾಯಿಗಿಡುವಂತಿರಲಿಲ್ಲ. ಕುಡಿಯುವ ನೀರೆಲ್ಲ ಫ್ರಿಜ್ಜಿನ ಬಾಟಲಿಗಳಲ್ಲಿ. ಒಂದು ಮಧ್ಯಾಹ್ನ ಹೆಂಡತಿ ಕೆಲಸಕ್ಕೆ ಹೋಗಿದ್ದಾಗ, ತಾಯಿಗೆ ಜೊಂಪು ಹತ್ತಿದ್ದಾಗ, ಅವನು ಬಾಟಲಿಯ ಮೇಲೆ ಬಾಟಲಿ ಎತ್ತಿದ. ಸಂಜೆಗೆ ದಡದ ಮೇಲೆ ಬಿದ್ದ ಮೀನಿನಂತೆ ಬಾಯಿ ಬಿಡುತ್ತಿದ್ದವನನ್ನು ಗಾಡಿಗೆ ಹಾಕಿಕೊಂಡು ಓಡಬೇಕಾಯಿತು.

ಬದುಕಿ ಬಂದವನು ಅಂಗಡಿಯಿಂದ ಸಾಮಾನು ತರಿಸಿ, ನೆಲದ ಮೇಲೆ ಕೂತು, ಫ್ರಿಜ್ಜಿನ ಬಾಗಿಲಿಗೆ ತೂತು ಕೊರೆದ.

"ಊರವರ ಬಾಗಿಲೆಲ್ಲ ತೆಗೆದುಕೊಟ್ಟೆ. ಸ್ವಂತ ಮನೇಲಿ ಮುಚ್ಚೋ ಕೆಲಸ ಬಂತು ನೋಡು," ಎಂದು ನಕ್ಕ. ಆಮೇಲೆ ಕೀಲಿಕೈಯನ್ನು ಹೆಂಡತಿಯ ಅಂಗೈಯಲ್ಲಿಟ್ಟು ಬೆರಳು ಮಡಚಿದ. "ನಾನು ಕಾಲಿಗೆ ಬಿದ್ರೂ ಕೊಡಬೇಡ. ಬೈದ್ರೂ ಕೊಡಬೇಡ. ಬೈತಿರೋದು ನಾನಲ್ಲ, ಬಾಯಾರಿಕೆ ಅಂದ್ಕೋ."

"ನಿಮಗೆ ತೆಗೆಯಕ್ಕೆ ಬರದೇ ಇರೋ ಬೀಗ ಯಾವುದಿದೆ?"

"ಬರುತ್ತೆ. ತೆಗೆಯಲ್ಲ. ನನ್ನ ಕಸುಬಿನಾಣೆ."

ಆ ಮಾತಿಗೆ ಅವನು ತಪ್ಪಲಿಲ್ಲ. ಬೈದ, ಅತ್ತ, ಒಂದು ಸಲ ಊಟದ ತಟ್ಟೆಯನ್ನೂ ಎಸೆದ. ಬೀಗಕ್ಕೆ ಮಾತ್ರ ಕೈ ಹಾಕಲಿಲ್ಲ.

ಹಣ್ಣಿನ ಐಸು ಶುರುವಾದದ್ದು ಆಗಲೇ. ಹೇಳಿಕೊಟ್ಟವಳು ಮಿಷನ್ ವಾರ್ಡಿನ ನರ್ಸಮ್ಮ. ನೀರು ಕುಡಿಯುವ ಬದಲು ಗಟ್ಟಿಯಾದದ್ದನ್ನು ಬಾಯಲ್ಲಿಟ್ಟುಕೊಂಡರೆ ಸ್ವಲ್ಪದರಲ್ಲೇ ನಾಲಿಗೆ ತಣಿಯುತ್ತದೆ, ಆದರೆ ಹಣ್ಣು ನೋಡಿಕೊಂಡು ಆರಿಸಬೇಕು ಎಂದಿದ್ದಳು. "ಸೇಬು, ದ್ರಾಕ್ಷಿ, ಅನಾನಸ್ ಪರವಾಗಿಲ್ಲ. ಬಾಳೆಹಣ್ಣು, ಕಿತ್ತಳೆ ಮಾತ್ರ ಮನೆಯೊಳಗೇ ತರಬೇಡಿ. ಅದರಲ್ಲಿರೋ ಪೊಟ್ಯಾಶಿಯಂ ಇವರ ರಕ್ತದಲ್ಲೇ ಉಳ್ಕೊಳ್ಳುತ್ತೆ. ಜಾಸ್ತಿ ಆದ್ರೆ ಹಾರ್ಟು ಹೇಳದೆ ಕೇಳದೆ ನಿಂತುಹೋಗುತ್ತೆ."

ಸೊಸೆ ಸೇಬಿನ ಸಿಪ್ಪೆ ತೆಗೆದು ಸಣ್ಣಗೆ ಹೆಚ್ಚಿ, ತುಂಬ ನೀರಿನಲ್ಲಿ ಬೇಯಿಸಿ, ಆ ನೀರನ್ನೆಲ್ಲ ಬಸಿದು ಚೆಲ್ಲಿ, ಹಣ್ಣನ್ನು ನುಣ್ಣಗೆ ಕಿವುಚಿ, ಚೂರು ಸಕ್ಕರೆ, ನಾಲ್ಕು ಹನಿ ನಿಂಬೆರಸ ಬೆರೆಸಿ ತಟ್ಟೆಯಲ್ಲಿ ಹರಡಿ ಫ್ರೀಜರಿಗಿಡುತ್ತಿದ್ದಳು. ಅಂಚು ಗಟ್ಟಿಯಾಗುವ ಹೊತ್ತಿಗೆ ಹೊರತೆಗೆದು ಫೋರ್ಕಿನಿಂದ ಕೆದಕಬೇಕು. ಕೆದಕದಿದ್ದರೆ ಕಲ್ಲಾಗುತ್ತದೆ, ಕೆದಕಿದರೆ ಹರಳು ಹರಳಾಗಿ ಬಿಡಿಸಿಕೊಳ್ಳುತ್ತದೆ. ಅದನ್ನು ಟಾನಿಕ್ ಮುಚ್ಚಳಗಳಿಗೆ ಒತ್ತಿ ತುಂಬಿ ಮತ್ತೆ ಇಟ್ಟರೆ ಮುಗಿಯಿತು. ಮುಚ್ಚಳವಾದರೆ ಅಳತೆ ತಪ್ಪುವ ಹಾಗಿಲ್ಲ. ದ್ರಾಕ್ಷಿ ಇನ್ನೂ ಸುಲಭ. ತೊಳೆದು ಒರೆಸಿ ಬಿಡಿಬಿಡಿಯಾಗಿ ಇಟ್ಟರಾಯಿತು. ಒಂದನ್ನು ಕೆನ್ನೆಯೊಳಗಿಟ್ಟುಕೊಂಡು ಅವನು ಗೋಲಿ ನುಂಗಿದ ಹುಡುಗನಂತೆ ಬಹಳ ಹೊತ್ತು ಸುಮ್ಮನಿರುತ್ತಿದ್ದ.

ಅತ್ತೆ ಮಣೆಯ ಮೇಲೆ ಕೂತು ಇದನ್ನೆಲ್ಲ ನೋಡುತ್ತಿದ್ದಳು. ಒಂದು ದಿನ ತಡೆಯಲಾರದೆ ಕೇಳಿದಳು.

"ಇಷ್ಟೆಲ್ಲ ಒದ್ದಾಟ ಯಾಕೇ? ಹಣ್ಣನ್ನ ಹೆಚ್ಚಿ ಕೊಟ್ರೆ ಆಗಲ್ವಾ?"

ಸೊಸೆಯ ಕಾಲುಗಳು ಬೆಳಗಿನಿಂದ ನಿಂತು ನಿಂತು ಬಾತುಕೊಂಡಿದ್ದವು. ಪೊಟ್ಯಾಶಿಯಂ ಎಂದರೇನು ಎಂದು ಹೇಳುತ್ತ ಕೂರುವ ತಾಳ್ಮೆ ಯಾರಿಗಿತ್ತು?

"ಹಾಗೇ ಕೊಡಬಾರದು ಅತ್ತೆ. ಐಸ್ ಮಾಡಿದ್ರೇನೇ ಕೊಡಬಹುದು," ಎಂದುಬಿಟ್ಟಳು.

"ಓಹೋ, ಐಸಾದ್ರೆ ಹಣ್ಣಿನ ದೋಷ ಹೋಗುತ್ತೆ," ಎಂದು ಅತ್ತೆ ತಲೆಯಾಡಿಸಿದ್ದಳು. ಸೊಸೆ ಮುಚ್ಚಳಗಳನ್ನು ತೊಳೆಯುತ್ತಿದ್ದವಳು ಹೂಂಗುಟ್ಟಿದ್ದಳು.

*

ಹೆಣ ಒಯ್ಯುವ ಗಾಡಿ ಬರುವುದು ತಡವಾಯಿತು. ಪಕ್ಕದ ಮನೆಯಿಂದ ಇನ್ನೂ ಎರಡು ಕುರ್ಚಿ ಎತ್ತಿಕೊಂಡು ಸೊಸೆ ಹೊರಗೆ ಬಂದಾಗ ಮೆಟ್ಟಿಲ ಹತ್ತಿರ ಗಡಿಯಾರದವನು ನಿಂತಿದ್ದ. ಬೀಗದವನಿಗೂ ಅವನಿಗೂ ಪೇಟೆಯ ಒಂದೇ ಕಟ್ಟಡದ ಮೆಟ್ಟಿಲ ಕೆಳಗೆ ಒಂದೇ ಗೂಡಿನಂಥ ಅಂಗಡಿ, ನಡುವೆ ಒಂದು ಹಲಗೆ. ಅವನ ನಿಂತುಹೋದ ಗಡಿಯಾರಗಳನ್ನು ಇವನು ಆಡಿಕೊಳ್ಳುವುದು, ಇವನ ತುಕ್ಕು ಹಿಡಿದ ಬೀಗಗಳನ್ನು ಅವನು ಆಡಿಕೊಳ್ಳುವುದು, ಹೀಗೇ ಇಬ್ಬರ ಕೂದಲೂ ನೆರೆತಿತ್ತು.

"ಒಂದು ಮಾತು ಹೇಳ್ಬೇಕಮ್ಮ," ಎಂದ. "ಹೋದ ವಾರ ಅವನು ಅಂಗಡಿಗೆ ಬಂದಿದ್ದ."

"ಅಂಗಡಿಗಾ? ಮಿಷನ್ ಮುಗಿಸಿ ನೇರ ಮನೆಗೆ ಬಂದೆ ಅಂದಿದ್ರು."

"ಬಂದಿದ್ದ. ಕೈ ಗಡಗಡ ನಡುಗ್ತಿತ್ತು. ಕೊಡೋ, ನಾನು ಅರ ಹಾಕ್ತೀನಿ ಅಂದ್ರೆ ಕೇಳ್ಲಿಲ್ಲ. ಒಂದು ಪುಟ್ಟ ಕೀಲಿ ಉಜ್ಜಿದ. ನೋಡ್ಕೊಂಡು ಮಾಡೋಕೆ ಹಳೇ ಕೀಲಿ ಎಲ್ಲೋ ಅಂದೆ. ತಲೇಲಿದೆ ಅಂದ. ಯಾರಿಗೋ ಇದು ಅಂದ್ರೆ, ಅಮ್ಮನಿಗೆ ಅಂದ."

ಸೊಸೆ ಕುರ್ಚಿಗಳನ್ನು ಕೆಳಗಿಟ್ಟಳು.

"ಎಲ್ಲಾ ನೀವೇ ಮಾಡ್ತೀರಂತೆ, ಅಮ್ಮ ಗೋಡೆ ನೋಡ್ಕೊಂಡು ಕೂತಿರ್ತಾಳಂತೆ. 'ಅವಳಿಗೂ ನನಗೊಂದು ಮಾಡಿಕೊಡೋ ಆಸೆ ಇರಲ್ವೇನೋ? ಒಂದು ಚಮಚ ತಿಂದ್ರೆ ಏನಾಗುತ್ತೆ?' ಅಂದ. ಏನು ತಿನ್ನೋದು ಅಂತ ನನಗೆ ಗೊತ್ತಾಗ್ಲಿಲ್ಲ, ಕೇಳ್ಲೂ ಇಲ್ಲ." ಗಡಿಯಾರದವನು ಕಣ್ಣೊರೆಸಿಕೊಂಡ. "ಅವನು ಮಾಡಿದ ಕೊನೇ ಕೀಲಿ ಕಣಮ್ಮ ಅದು. ನಿಮಗೆ ಗೊತ್ತಿರ್ಲಿ ಅಂತ."

ಅವನಿಗೆ ಅದು ಗೆಳೆಯನ ನೆನಪು, ಅಷ್ಟೇ. ಸೊಸೆಗೆ ಗಂಡನ ಮೇಲೆ ಕೆಂಡದಂಥ ಸಿಟ್ಟು ಬಂತು. ಬೀಗ ತೆಗೆಯುವುದಿಲ್ಲ ಎಂದು ಆಣೆಯಿಟ್ಟವನು, ತೆಗೆಯುವವರನ್ನು ಹುಡುಕಿಕೊಂಡಿದ್ದ. ಅವಳು ಬೈಗುಳ ತಿಂದು, ಕಣ್ಣೀರು ನುಂಗಿಕೊಂಡು, ಮನೆಯಲ್ಲಿ ರಾಕ್ಷಸಿ ಎನ್ನಿಸಿಕೊಂಡು ಒಂದೊಂದು ಮುಚ್ಚಳ ಎಣಿಸಿ ಕೊಟ್ಟು ಉಳಿಸಿಕೊಂಡ ಜೀವವನ್ನು ಇವನು ಲೋಟದಲ್ಲಿ ಕೆರೆದು ತಿಂದುಬಿಟ್ಟಿದ್ದ. ಯಾವ 'ಒಂದು ಚಮಚ'? ಒಂದು ಚಮಚಕ್ಕೆ ನಿಲ್ಲುವ ಬಾಯಾರಿಕೆಯೇ ಅದು? ಅವನನ್ನು ಎಬ್ಬಿಸಿ ಕೂರಿಸಿ ಜಗಳವಾಡಬೇಕು ಎನ್ನಿಸಿತು ಅವಳಿಗೆ.

ಕುರ್ಚಿ ಎತ್ತಿಕೊಂಡು ಒಳಗೆ ಬಂದಳು. ಅತ್ತೆ ಮಗನ ತಲೆಯ ಪಕ್ಕ ನೆಲದ ಮೇಲೆ ಕೂತಿದ್ದಳು. ಅವಳ ಬಳಿ ಯಾವಾಗಲೂ ಇರುವ ಪುಟ್ಟ ಬಟ್ಟೆಚೀಲ ಮಡಿಲಲ್ಲಿತ್ತು. ಅದರ ದಾರವನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು. ಸುತ್ತಲೂ ದೊಡ್ಡಕ್ಕನ ದನಿ ಇನ್ನೂ ಸುತ್ತುತ್ತಲೇ ಇತ್ತು.

"ಅಮ್ಮನ್ನ ಇನ್ನು ಈ ಮನೇಲಿ ಬಿಡಲ್ಲ. ಇವತ್ತೇ ಕರ್ಕೊಂಡು ಹೋಗ್ತೀನಿ. ಇವಳ ಕೈಗೆ ಕೊಟ್ರೆ ನಾಳೆ ಅವಳಿಗೂ ಗುಟುಕು ಅಳೀತಾಳೆ."

ಯಾರೋ ಸಣ್ಣಗೆ "ಅದೂ ನಿಜವೇ" ಎಂದರು. ಸೊಸೆಗೆ ಮಕ್ಕಳಿಲ್ಲ. ಗಂಡ ಹೋದ. ಉಳಿದದ್ದೆಂದರೆ ಈ ಮುದುಕಿ, ಬೆಳಗ್ಗೆ ಅವಳು ಕೆಲಸಕ್ಕೆ ಹೊರಟಾಗ ಕಿಟಕಿಯಲ್ಲಿ ನಿಂತು ತಿರುವು ದಾಟುವವರೆಗೂ ನೋಡುವವಳು. ಒಂದೇ ಒಂದು ಮಾತು ಸಾಕಾಗಿತ್ತು. ಫ್ರೀಜರ್ ತೆರೆದು ಆ ಲೋಟವನ್ನು ಹೆಣದ ಪಕ್ಕ ಇಟ್ಟು 'ಇದು ಯಾರು ಮಾಡಿದ್ದು ಕೇಳಿ' ಎಂದಿದ್ದರೆ ದೊಡ್ಡಕ್ಕನ ಬಾಯಿ ಅಲ್ಲಿಗೇ ಬಂದ್. ಆಮೇಲೆ ಆ ಮುದುಕಿ ಎಷ್ಟು ದಿನ ಬದುಕಿದ್ದರೂ, ಬದುಕಿದಷ್ಟೂ ದಿನ, ಮಗನನ್ನು ಕೈಯಾರೆ ಕೊಂದವಳು.

*

ಅತ್ತೆಯ ಕಿತ್ತಳೆ-ಬಾಳೆ ಐಸಿನ ಕತೆಯನ್ನು ಗಂಡನೇ ಎಷ್ಟೋ ಸಲ ಹೇಳಿದ್ದ. ಮಾವ ತೀರಿಕೊಂಡ ಮೇಲೆ ಅತ್ತೆ ತಳ್ಳುಗಾಡಿಯಲ್ಲಿ ಹಣ್ಣು ಮಾರಿ ಇಬ್ಬರು ಮಕ್ಕಳನ್ನು ಸಾಕಿದವಳು. ಸಂಜೆಗೆ ಗಾಡಿಯಲ್ಲಿ ಉಳಿಯುತ್ತಿದ್ದುದು ಯಾರಿಗೂ ಬೇಡವಾದ ಹಣ್ಣು: ಸಿಪ್ಪೆ ಕಪ್ಪಾದ ಬಾಳೆ, ಒಂದು ಮಗ್ಗುಲು ಮೆತ್ತಗಾದ ಕಿತ್ತಳೆ. ಅದನ್ನು ಅವಳು ಎಸೆಯುತ್ತಿರಲಿಲ್ಲ. ಬಾಳೆಯನ್ನು ಕಿವುಚಿ, ಮೇಲೆ ಕಿತ್ತಳೆ ಹಿಂಡಿ, ಬೀಜ ಆರಿಸಿ, ಸ್ಟೀಲ್ ಲೋಟಗಳಲ್ಲಿ ತುಂಬಿ ಎದುರಿನ ಸೋಡಾ ಅಂಗಡಿಯವನ ಐಸ್ ಪೆಟ್ಟಿಗೆಯಲ್ಲಿಡುತ್ತಿದ್ದಳು. ಸಕ್ಕರೆ ಬೇಕಿರಲಿಲ್ಲ, ಕಳಿತ ಬಾಳೆಯದೇ ಸಿಹಿ ಸಾಕು, ಅದರ ಜಿಗುಟಿಗೇ ಐಸು ಕಲ್ಲಾಗದೆ ಮೆತ್ತಗಿರುತ್ತದೆ.

"ಬೇರೆ ಮಕ್ಕಳಿಗೆ ಅಪ್ಪಂದಿರು ಐಸ್ ಕೊಡಿಸೋರು. ನಮಗೆ ಐಸೇ ಊಟ," ಎನ್ನುತ್ತಿದ್ದ ಗಂಡ. "ಅಕ್ಕ ಮುಖ ಸಿಂಡರಿಸೋಳು. ನಾನು ಅವಳ ಪಾಲನ್ನೂ ನೆಕ್ಕಿಬಿಡ್ತಿದ್ದೆ. ಅಮ್ಮ ಮಾತ್ರ ನನ್ನ ಗದ್ದದ ಕೆಳಗೆ ಕೈ ಹಿಡಿದು ಕೂತಿರೋಳು, ಒಂದು ಹನಿ ಅಂಗಿ ಮೇಲೆ ಬಿದ್ರೆ ಒಗೆಯೋಳು ಅವಳೇ ತಾನೇ."

ಹೇಳುವಾಗ ಅವನ ಒಣಗಿದ ನಾಲಿಗೆ ತುಟಿಯ ಮೇಲೆ ಆಡುತ್ತಿತ್ತು. ಸೊಸೆ ಮಾತು ಬದಲಿಸುತ್ತಿದ್ದಳು.

*

ಗಾಡಿಗಿಂತ ಮೊದಲು ನರ್ಸಮ್ಮ ಬಂದಳು. ಡ್ಯೂಟಿ ಬಟ್ಟೆಯಲ್ಲೇ ಬಂದಿದ್ದಳು. ಇವತ್ತು ಮಿಷನ್ನಿನ ದಿನ; ಅವನ ಮಂಚ ಖಾಲಿ ಇದ್ದದ್ದು ಕಂಡು ಫೋನು ಮಾಡಿ ತಿಳಿದುಕೊಂಡಿದ್ದಳು. ಹೆಣದ ಪಾದದ ಹತ್ತಿರ ಒಂದು ನಿಮಿಷ ತಲೆ ಬಾಗಿಸಿ ನಿಂತಳು. ಆಮೇಲೆ ಸೊಸೆಯ ಕೈ ಹಿಡಿದುಕೊಂಡಳು.

ದೊಡ್ಡಕ್ಕನಿಗೆ ಸಾಕ್ಷಿ ಬೇಕಾಗಿತ್ತು. ಬಿಳಿ ಬಟ್ಟೆಯ ಸಾಕ್ಷಿಯೇ ಬಂದಿತ್ತು.

"ಸಿಸ್ಟರ್, ನೀವೇ ಹೇಳಿ. ಹೀಗೆ ಗುಟುಕು ಗುಟುಕು ನೀರು ಕೊಟ್ಟು ಒಣಗಿಸಿದ್ರೆ ಮನುಷ್ಯ ಸಾಯದೆ ಇರ್ತಾನಾ?"

ನರ್ಸಮ್ಮನಿಗೆ ಸಿಟ್ಟು ಬಂತು. ಅವಳು ಒಳ್ಳೆಯವಳು, ಒಳ್ಳೆಯವರ ಸಿಟ್ಟು ಎಲ್ಲಿಗೆ ಹೋಗಿ ಮುಟ್ಟುತ್ತದೆ ಎಂದು ಅವರಿಗೂ ತಿಳಿದಿರುವುದಿಲ್ಲ.

"ಈ ಕಾಯಿಲೇಲಿ ನೀರು ಕಡಿಮೆ ಆಗಿ ಯಾರೂ ಸಾಯಲ್ಲಮ್ಮ. ಇವರು ನೋಡಿಕೊಂಡ ಹಾಗೆ ಯಾರೂ ನೋಡಿಕೊಂಡಿಲ್ಲ. ನಮ್ಮ ವಾರ್ಡಲ್ಲಿ ಎಲ್ಲರಿಗೂ ಇವರನ್ನೇ ತೋರಿಸ್ತೀನಿ ನಾನು. ನನಗೇ ಆಶ್ಚರ್ಯ, ಮೊನ್ನೆ ಎಷ್ಟು ಚೆನ್ನಾಗಿದ್ರು." ಅವಳು ಸೊಸೆಯ ಕಡೆಗೆ ತಿರುಗಿದಳು. "ಎದ್ದು ಕೂತು ಹಾಗೇ ಬಿದ್ರು ಅಂದ್ರಿ. ಉಬ್ಬಸ ಇರ್ಲಿಲ್ಲ ಅಂದ್ರಿ. ಅಂದ್ರೆ ಹಾರ್ಟೇ ನಿಂತಿರೋದು. ನಿನ್ನೆ ಏನಾದ್ರೂ ತಿಂದಿದ್ರಾ? ಯಾವುದಾದ್ರೂ ಹಣ್ಣು…"

"ನೀರು," ಎಂದಳು ಸೊಸೆ.

ಅಷ್ಟು ಜೋರಾಗಿ ಹೇಳಬೇಕೆಂದು ಅವಳೂ ಎಣಿಸಿರಲಿಲ್ಲ. ಅತ್ತೆ ತಲೆ ಎತ್ತಿ ನೋಡಿದಳು.

"ನೀರು ಕೊಟ್ಟೆ. ನಿನ್ನೆ ಬಹಳ ಕಾಡಿದ್ರು. ನೋಡಕ್ಕಾಗ್ಲಿಲ್ಲ. ಬೀಗ ತೆಗೆದು ಎರಡು ಬಾಟಲಿ ಕೊಟ್ಟುಬಿಟ್ಟೆ."

"ನೀವಾ?" ನರ್ಸಮ್ಮನ ಹುಬ್ಬು ಗಂಟಾಯಿತು. "ನೀರು ಹೆಚ್ಚಾದ್ರೆ ಹೀಗಾಗಲ್ವಲ್ಲ. ಎದೆ ಗೊರಗೊರ ಅನ್ಬೇಕು, ಮಲಗಕ್ಕೇ ಆಗಲ್ಲ…"

ಸೊಸೆ ಅವಳ ಕೈಯನ್ನು ಗಟ್ಟಿಯಾಗಿ ಅದುಮಿದಳು. ಇಸ್ತ್ರಿ ಹಿಡಿದ ಕೈ ಅದು. ಅದುಮಿ, ನೆಲದ ಮೇಲೆ ಕೂತ ಮುದುಕಿಯ ಕಡೆ ಒಮ್ಮೆ ನೋಡಿ, ಮತ್ತೆ ನರ್ಸಮ್ಮನ ಮುಖ ನೋಡಿದಳು. ನರ್ಸಮ್ಮ ಆ ಕಣ್ಣು ಹೋದಲ್ಲಿಗೆ ತಾನೂ ನೋಡಿದಳು. ವರ್ಷಗಟ್ಟಲೆ ಸಾವುಗಳ ನಡುವೆ ಓಡಾಡಿದವಳಿಗೆ ಕೆಲವನ್ನು ಬಿಡಿಸಿ ಹೇಳಬೇಕಾಗುವುದಿಲ್ಲ.

"ಹೌದು," ಎಂದಳು ನಿಧಾನವಾಗಿ. "ನೀರೇ ಹೆಚ್ಚಾಗಿರಬೇಕು."

"ಅಯ್ಯೋ ಪಾಪಿ!" ದೊಡ್ಡಕ್ಕ ಎದೆ ಬಡಿದುಕೊಂಡಳು. "ಇಷ್ಟು ದಿನ ಕೊಡದೆ ಕೊಂದೆ, ಕೊನೆಗೆ ಕೊಟ್ಟೂ ಕೊಂದೆಯಲ್ಲೇ!"

ಯಾರೂ ಅವಳನ್ನು ಸುಮ್ಮನಿರಿಸಲಿಲ್ಲ. ಸೊಸೆ ಗೋಡೆಗೆ ಒರಗಿ ನಿಂತೇ ಇದ್ದಳು. ಕೆಳಗೆ ಗಾಡಿಯ ಸದ್ದಾಯಿತು. ಗಡಿಯಾರದವನೂ ಇನ್ನು ಮೂವರೂ ಹೆಗಲು ಕೊಟ್ಟರು. ಮೆಟ್ಟಿಲ ತಿರುವಿನಲ್ಲಿ ಹೊರುವವರಿಗೆ ಭಾರವೇ ಆಗಲಿಲ್ಲವಂತೆ. ಅವನು ಅಷ್ಟು ಹಗುರಾಗಿದ್ದ.

*

ಸ್ಮಶಾನದಿಂದ ಎಲ್ಲರೂ ಮರಳಿದಾಗ ಹೊತ್ತು ಇಳಿದಿತ್ತು. ಬಂದವರು ಒಬ್ಬೊಬ್ಬರಾಗಿ ಚಪ್ಪಲಿ ಹುಡುಕಿಕೊಂಡು ಹೊರಟರು. ನರ್ಸಮ್ಮ ಸೊಸೆಯ ಭುಜ ತಟ್ಟಿ ಹೊರಟುಹೋದಳು. ದೊಡ್ಡಕ್ಕ ಹೇಳಿದ್ದನ್ನು ಮಾಡುವವಳು. ಅತ್ತೆಯ ಬಟ್ಟೆಗಳನ್ನು ಒಂದು ಬ್ಯಾಗಿಗೆ ತುರುಕಿ ಬಾಗಿಲ ಹತ್ತಿರ ಇಟ್ಟಳು.

"ಅವಳು ಒಬ್ಬಳೇ ಆಗ್ತಾಳಲ್ಲೇ," ಎಂದಳು ಅತ್ತೆ.

"ಆಗ್ಲಿ. ಒಬ್ಬಳೇ ಕೂತು ಯೋಚನೆ ಮಾಡ್ಲಿ, ಏನು ಮಾಡಿದೆ ಅಂತ." ದೊಡ್ಡಕ್ಕ ಗಾಡಿ ಹಿಡಿಯಲು ಮೆಟ್ಟಿಲಿಳಿದಳು.

ಸೊಸೆ ಅಡುಗೆಮನೆಯ ನೆಲದ ಮೇಲೆ ಕಾಲು ಚಾಚಿ ಕೂತಿದ್ದಳು. ಎಲ್ಲರೂ ಹೋಗಲಿ, ಆಮೇಲೆ ಫ್ರೀಜರ್ ತೆರೆದು ಆ ಲೋಟಗಳನ್ನು ಬಿಸಿನೀರಿಗೆ ಹಾಕಿ ತೊಳೆದುಬಿಡಬೇಕು ಎಂದು ಅವಳು ಕಾದಿದ್ದಳು. ಗಂಡನ ಮೇಲಿನ ಸಿಟ್ಟು ಇನ್ನೂ ಆರಿರಲಿಲ್ಲ. ಅಳು ಬರುವುದನ್ನು ಆ ಸಿಟ್ಟೇ ತಡೆದು ನಿಲ್ಲಿಸಿತ್ತು.

ಅತ್ತೆ ಒಳಗೆ ಬಂದಳು. ಏನೂ ಹೇಳದೆ ಫ್ರಿಜ್ಜಿನ ಮುಂದೆ ನಿಂತು ಬಟ್ಟೆಚೀಲದ ದಾರ ಬಿಚ್ಚಿ, ಇನ್ನೂ ಅರದ ಗೀರು ಮಾಸದ ಪುಟ್ಟ ಕೀಲಿಕೈ ತೆಗೆದು ಬೀಗಕ್ಕೆ ಹಾಕಿದಳು. ಮುಚ್ಚುಮರೆ ಇರಲಿಲ್ಲ. ತುಂಬಿದ ಲೋಟವನ್ನು ತೆಗೆದುಕೊಂಡು ಬಂದು ಸೊಸೆಯ ಪಕ್ಕ ಕಷ್ಟಪಟ್ಟು ಕೂತು, ಅದನ್ನು ಎರಡು ಅಂಗೈಗಳ ನಡುವೆ ಇಟ್ಟು ಉಜ್ಜತೊಡಗಿದಳು.

"ಬೆಳಗಿನಿಂದ ನಿನ್ನ ಹೊಟ್ಟೆಗೆ ಏನೂ ಬಿದ್ದಿಲ್ಲ. ಅವಳು ಬರೋದ್ರೊಳಗೆ ಇಷ್ಟು ತಿನ್ನು."

ಸೊಸೆ ಬೀಗದಲ್ಲೇ ಉಳಿದಿದ್ದ ಆ ಕೀಲಿಕೈಯ ಕಡೆ ನೋಡಿದಳು.

"ಬೈಬೇಡ. ನಿನಗೆ ಹೇಳದೆ ಮಾಡಿದೆ. ನಿನ್ನೆ ನೀನು ಕೆಲಸಕ್ಕೆ ಹೋದಾಗ ಅವನು ತಿಂದ. ಹಣ್ಣು ಹಾಗೇ ಕೊಡ್ಲಿಲ್ಲ ಕಣೇ, ನೀನು ಹೇಳಿದ ಹಾಗೆ ಐಸ್ ಮಾಡೇ ಕೊಟ್ಟೆ. ಮೂರು ಲೋಟ ಮಾಡಿದ್ದೆ. ಒಂದೂವರೆ ತಿಂದ. ಎಷ್ಟು ಕಾಲ ಆಗಿತ್ತು ಅವನು ಹಾಗೆ ತಿಂದು! ಇನ್ನೂ ಕೊಡ್ಲಾ ಅಂದೆ. ಬೇಡ, ಅದನ್ನ ಅವಳಿಗೆ ಇಡಮ್ಮ ಅಂದ. ಅವಳು ಒಂದು ದಿನಾನೂ ಬಾಯಿಗಿಟ್ಟಿಲ್ಲ, ಬರೀ ನನಗೆ ಮಾಡಿದ್ದೇ ಆಯ್ತು ಅಂದ."

ಲೋಟದ ಅಂಚಿನಲ್ಲಿ ಐಸು ಬಿಟ್ಟುಕೊಂಡಿತು. ಅತ್ತೆ ಚಮಚದಿಂದ ಕೆರೆದಳು. ಕೆರೆಯುತ್ತಿದ್ದ ಕೈ ನಡುವೆ ನಿಂತಿತು.

"ಅಷ್ಟೊಂದು ಜನ ನಿನ್ನನ್ನ ಅಂದ್ರು. ನನಗೆ ಬಾಯಿ ಬರ್ಲಿಲ್ಲ. ನೀರು ಕೊಟ್ಟಿದ್ದು ನೀನು, ಇದು ಕೊಟ್ಟಿದ್ದು ನಾನು." ಮುದುಕಿ ಸೊಸೆಯ ಮುಖವನ್ನೇ ನೋಡಿದಳು. "ಇದರಿಂದ ಅವನಿಗೆ ಏನೂ ಆಗಿಲ್ಲ ತಾನೇ?"

ಹೊರಗೆ ಗಾಡಿ ಬಂದು ನಿಂತ ಸದ್ದು, ದೊಡ್ಡಕ್ಕ ಕೆಳಗಿನಿಂದಲೇ ಕೂಗಿದ ಸದ್ದು.

"ಇಲ್ಲ ಅತ್ತೆ," ಎಂದಳು ಸೊಸೆ. "ಏನೂ ಆಗಿಲ್ಲ. ಇದೊಂದನ್ನೇ ಅವರು ಸುಖವಾಗಿ ತಿಂದಿದ್ದು."

"ಹಾಗಾದ್ರೆ ಬಾಯಿ ತೆಗಿ."

ಅತ್ತೆ ಚಮಚ ತುಂಬಿ ಎತ್ತಿದಳು. ಎಡಗೈಯನ್ನು ಸೊಸೆಯ ಗದ್ದದ ಕೆಳಗೆ ಬೊಗಸೆಯಂತೆ ಹಿಡಿದಳು. ಸೊಸೆ ಬಾಯಿ ತೆರೆದಳು. ಮೆಟ್ಟಿಲ ಮೇಲೆ ದೊಡ್ಡಕ್ಕನ ಹೆಜ್ಜೆ ಹತ್ತಿರವಾಗುತ್ತಿತ್ತು. ಅವಳು ನುಂಗಿ ಮತ್ತೆ ತೆರೆದಳು, ಮತ್ತೆ ನುಂಗಿದಳು. ಕೆನ್ನೆಯ ಮೇಲಿಂದ ಇಳಿದು ಬಂದದ್ದೆಲ್ಲ ಅತ್ತೆಯ ಅಂಗೈಗೆ ಬೀಳುತ್ತಿತ್ತು.